ಈ ಹೊತ್ತಿನ ಹಿಟ್ಟು

ಗೋಕಾಕ ಫಾಲ್ಸಿನ ಮಿಲ್ಲಿನಲ್ಲಿ ಕೂಲಿಕಾರರನ್ನು ಕರೆಯುವ ಮೊದಲ ಭೋಂಗಾ ಕೂಗಲು ಇನ್ನೂ ಬಹಳ ಹೊತ್ತಿದೆ. ಆಷಾಢದ ಮಳೆಗೆ ಘಟಪ್ರಭೆ ಮೈದುಂಬಿಕೊಂಡು ಬಂಡೆಯಿಂದ ಬೀಳುತ್ತಿದ್ದಾಳೆ. ಆ ಸದ್ದಿಗೆ ಹೊಸಬನಾದ ನನಗೆ ನಿದ್ದೆ ಹತ್ತಿಲ್ಲ. ಅದನ್ನು ಕೇಳಿ ಕೇಳಿ ಸಾಕಾದ ಚಾಳಿನವರು ಗೊರಕೆ ಹೊಡೆಯುತ್ತಿದ್ದಾರೆ. ಕೂಲಿಕಾರರ ಚಾಳಿನ ಕಟ್ಟಕಡೆಯ ಖೋಲಿಯಲ್ಲಿ ಮಾತ್ರ ಚಿಮಣಿ ದೀಪ ಉರಿಯುತ್ತಿದೆ. ಒಳಗೆ ಮರೆವ್ವ ಒಂದು ಕಾಲು ಚಾಚಿ, ಒಂದು ಕಾಲು ಮಡಚಿ, ಬೀಸುಕಲ್ಲಿನ ಮುಂದೆ ಕೂತಿದ್ದಾಳೆ.

ಬಲಗೈಯಲ್ಲಿ ಒಂದು ಹಿಡಿ ಬಿಳಿಜೋಳ ಹಿಡಿದು ಕಣ್ಣು ಮುಚ್ಚುತ್ತಾಳೆ. ತುಟಿಗಳು ಒಂದಿಷ್ಟು ಅಲುಗುತ್ತವೆ. ಕಣ್ಣು ತೆರೆದು, ಕಾಳನ್ನು ಕಲ್ಲಿನ ಬಾಯಿಗೆ ಸುರಿದು, ಗೂಟ ಹಿಡಿಯುತ್ತಾಳೆ. ಕ್ರೈಸ್ತರ ಪ್ರಾರ್ಥನೆ ಬಹಳ ಉದ್ದವಿರುತ್ತದೆಂದು ಕೇಳಿದ್ದ ನಾನು, ಬಾಗಿಲಲ್ಲಿ ಮರ್ಯಾದೆಗೆಂದು ಟೊಪ್ಪಿಗೆ ತೆಗೆದೆ. ತೆಗೆಯುವಷ್ಟರಲ್ಲಿ ಅದು ಮುಗಿದೇ ಹೋಗಿತ್ತು.

"ಇಷ್ಟೇ ಏನವ್ವಾ?" ಎಂದು ಕೇಳುತ್ತೇನೆ.

"ಎಷ್ಟ ಬೇಕ್ರಿ ಮತ್ತ? 'ಯಪ್ಪಾ, ಇವತ್ತಿಂದು ಕೊಡು' ಅಂದ್ನಿ. ಅವಂಗ ತಿಳೀತು. ನಾ ಉದ್ದ ಮಾತಾಡಕೋತ ಕುಂತ್ರ ಜ್ವಾಳಾ ಯಾರ ಬೀಸವ್ರು?"

ಕಲ್ಲು ತಿರುಗತೊಡಗುತ್ತದೆ. ಇನ್ನು ಆಕೆಗೆ ನನ್ನ ಕಡೆ ನೋಡಲು ಪುರುಸೊತ್ತಿಲ್ಲ.

ನಿಜ ಹೇಳಬೇಕೆಂದರೆ, ಸಂಪಾದಕರು ನನ್ನನ್ನು ಇಲ್ಲಿಗೆ ಕಳಿಸಿದ್ದು ಜಲಪಾತದ ಬಗ್ಗೆ ಬರೆಯಲು. ಮಳೆಗಾಲ ಬಂತೆಂದರೆ ನಮ್ಮ ರವಿವಾರದ ಪುರವಣಿಗೆ ಜಲಪಾತ ಬೇಕೇ ಬೇಕು. ಹುಕ್ಕೇರಿಯಿಂದ ಬಂದು, ಎರಡು ದಿನ ಅದರ ಮುಂದೆ ಕೊಡೆ ಹಿಡಿದು ನಿಂತೆ. ನೀರು ಬೀಳುತ್ತದೆ, ಬಹಳ ಚಂದ ಬೀಳುತ್ತದೆ. ಆದರೆ ಬೀಳುವುದಕ್ಕೆ ಅದಕ್ಕೇನೂ ಶ್ರಮವಿಲ್ಲವಲ್ಲ ಎಂದು ಅನ್ನಿಸಿತು. ಹಾಗೆ ಅನ್ನಿಸಿದ್ದು ಕಾಶೆವ್ವನ ಖಾನಾವಳಿಯಲ್ಲಿ ಬಿಸಿ ರೊಟ್ಟಿ ಮುರಿಯುತ್ತ ಕೂತಿದ್ದಾಗ. ಇಂಥ ರೊಟ್ಟಿ ನಮ್ಮ ಮನೆಯಲ್ಲೂ ಆಗುವುದಿಲ್ಲ ಎಂದದ್ದಕ್ಕೆ ಕಾಶೆವ್ವ, "ನನ್ನ ಕೈ ಅಲ್ರಿ ಅದು, ಹಿಟ್ಟಿನ ಗುಣಾ. ಕಡೀ ಖೋಲ್ಯಾಗ ಮರೆವ್ವ ಅಂತ ಅದಾಳ, ಆಕಿನ್ನ ಕೇಳ್ರಿ," ಎಂದಳು. ಜಲಪಾತವನ್ನು ಅಲ್ಲೇ ಬಿಟ್ಟು ಈ ಕಡೆ ಬಂದಿದ್ದೇನೆ. ಸಂಪಾದಕರು ಸಿಟ್ಟಾಗಲಿ.

ಕಾಶೆವ್ವನ ಖಾನಾವಳಿಯಲ್ಲಿ ಊಟ ಮಾಡುವವರು ಊರು ಬಿಟ್ಟು ಬಂದು ಮಿಲ್ಲಿನಲ್ಲಿ ದುಡಿಯುವ ಒಂಟಿ ಗಂಡಸರು. ಒಟ್ಟು ಹದಿನೈದು ಮಂದಿಯಾದರೂ ಇದ್ದಾರೆ. ಮೊದಲ ಭೋಂಗಾ ಆದಾಗ ಹಿಟ್ಟು ಕಾಶೆವ್ವನ ಒಲೆಯ ಮುಂದಿರಬೇಕು. ಎರಡನೆಯದಕ್ಕೆ ರೊಟ್ಟಿ ಅವರ ಗಂಟಿನಲ್ಲಿರಬೇಕು. ಅಷ್ಟು ಜನರ ಹಿಟ್ಟನ್ನು ದಿನವೂ ಒಬ್ಬಳೇ ಹೆಂಗಸು ಬೀಸುತ್ತಾಳೆ. ಇಬ್ಬರು ಎದುರು ಬದುರು ಕೂತು ತಿರುಗಿಸುವ ಕಲ್ಲು ಅದು. ಜೊತೆಗೆ ಇನ್ನೊಬ್ಬಳನ್ನು ಕರೆದುಕೊಂಡರೆ ಬಂದದ್ದರಲ್ಲಿ ಅರ್ಧ ಆಕೆಗೆ ಹೋಗುತ್ತದೆ, ಉಳಿದ ಅರ್ಧದಲ್ಲಿ ತನ್ನದು, ಗಂಡನದು ಎರಡು ಹೊಟ್ಟೆ ನಡೆಯುವುದಿಲ್ಲ ಎಂಬುದು ಮರೆವ್ವನ ಲೆಕ್ಕ.

ಹಾಗಾದರೆ ಬಿಡುವಾದಾಗ ಎರಡು ಮೂರು ದಿನದ್ದು ಒಟ್ಟಿಗೇ ಬೀಸಿಡಬಾರದೇ ಎಂದು ಪೇಟೆಯವರು ಕೇಳಬಹುದು. ಜೋಳದ ರೊಟ್ಟಿ ಬಡಿದವರು ಕೇಳುವುದಿಲ್ಲ. ಜೋಳದ ಹಿಟ್ಟಿಗೆ ಜಿಗಿ ಇರುವುದು ಬೀಸಿದ ಹೊಸದರಲ್ಲಿ. ದಿನ ಕಳೆದಂತೆ ಅದು ಸಡಿಲಾಗುತ್ತದೆ; ಮಳೆಗಾಲದಲ್ಲಂತೂ ಕಹಿಯೂ ಆಗುತ್ತದೆ. ಅಂಥ ಹಿಟ್ಟಿನ ರೊಟ್ಟಿ ಬಡಿಯುತ್ತಿದ್ದಂತೆ ಅಂಚು ಸೀಳುತ್ತದೆ, ಹಂಚಿನ ಮೇಲೆ ಹಾಕಿದರೆ ಎರಡು ತುಂಡು. ಹೀಗಾಗಿ ಈ ಕೆಲಸಕ್ಕೆ ರಜೆಯಿಲ್ಲ.

ಮರೆವ್ವ ಮಾತ್ರ ವಾರಕ್ಕೆ ಒಂದು ದಿನ ರಜೆ ಮಾಡುತ್ತಾಳೆ. ಮಿಲ್ಲಿಗೂ ಅಂದು ಸೂಟಿ. ರವಿವಾರ ಆಕೆ ಕಲ್ಲು ಮುಟ್ಟುವುದಿಲ್ಲ. ಗೋಕಾಕದ ಒಂದು ಬಾಡಿಗೆ ಮನೆಯಲ್ಲಿ ಕೂಡುವ ಹತ್ತಾರು ಕ್ರೈಸ್ತರ ಸಭೆಗೆ ನಡೆದು ಹೋಗುತ್ತಾಳೆ. ಅದಕ್ಕಾಗಿ ಶನಿವಾರವೇ ಜೋಳ ಒಡೆದು ದಪ್ಪ ರವೆ ಮಾಡಿ ಕೊಟ್ಟಿರುತ್ತಾಳೆ. ರವಿವಾರ ಖಾನಾವಳಿಯಲ್ಲಿ ನುಚ್ಚು, ಮಜ್ಜಿಗೆ. ಅದಕ್ಕೆ ಹುಡುಗರು 'ಕಿರಸ್ತಾನ ನುಚ್ಚು' ಎಂದು ಹೆಸರಿಟ್ಟಿದ್ದಾರೆ. ವಿಭೂತಿ ಹಚ್ಚಿಕೊಂಡ ಕಾಶೆವ್ವ ಅದನ್ನು ಬಡಿಸುತ್ತ, "ಮರೆವ್ವನ ದೇವರು ನನ್ನ ಒಲಿಗೂ ವಾರಕ್ಕೊಂದ ದಿನಾ ಅರಾಮ ಕೊಟ್ಟಾನ್ನೋಡ್ರಿ," ಎನ್ನುತ್ತಾಳೆ.

ಮರೆವ್ವ ಹುಟ್ಟಿದ್ದು ತುಕ್ಕಾನಟ್ಟಿಯಲ್ಲಿ, ಕುರಿ ಕಾಯುವ ಮನೆತನದಲ್ಲಿ. ಮದುವೆಯಾಗಿ ಹೋದದ್ದು ಕುಲಗೋಡಕ್ಕೆ. ಗಂಡ ಹೊಳೆಪ್ಪ ಚಕ್ಕಡಿ ಹೂಡುತ್ತಿದ್ದ. ಸಾವಿರದ ಒಂಬೈನೂರ ಹದಿನೆಂಟನೇ ಇಸವಿಯ ಮಹಾಮಾರಿ ಜ್ವರ ಈ ಸೀಮೆಯಲ್ಲಿ ಮನೆ ಮನೆ ಖಾಲಿ ಮಾಡಿದಾಗ ಇವರ ಎರಡು ಮಕ್ಕಳೂ ಒಂದೇ ವಾರದಲ್ಲಿ ಹೋದವು. ಹೊಳೆಪ್ಪ ಬಾಡಿಗೆಯ ಮೇಲೆ ದೂರ ಹೋಗಿದ್ದ. ಮರೆವ್ವನಿಗೂ ಜ್ವರ. ಹೆದರಿದ ಓಣಿಯವರು ಬಾಗಿಲಿಗೆ ನೀರಿಟ್ಟು ಓಡುತ್ತಿದ್ದರು. ಆಗ ಒಳಗೆ ಬಂದವಳು ಗೋಕಾಕದ ಕ್ರೈಸ್ತ ಉಪದೇಶಿಯ ಹೆಂಡತಿ ರಾಯವ್ವ.

"ಕಡ್ಡಿಯಂಥಾ ಹೆಂಗಸ್ರಿ," ಎಂದು ಮರೆವ್ವ ಕಲ್ಲು ತಿರುಗಿಸುತ್ತಲೇ ಹೇಳುತ್ತಾಳೆ. "ಊರ ತುಂಬ ಹೆಣಾ. ಆಕಿ ಒಬ್ಬಾಕೇನ ಹತ್ತ ಮನಿ ಅಡ್ಡಾಡಿ ಗಂಜಿ ಕುಡಸ್ತಿದ್ಳು. ಮುಂಜಾನೆ ಬಂದಾಕಿ ಮೊದಲ ಕಣ್ಣ ಮುಚ್ಚಿ ಏನೋ ಅಂತಿದ್ಳು, ಆಮ್ಯಾಲ ದಗದಕ್ಕ ಕೈ ಹಚ್ಚತಿದ್ಳು. ನನಗ ತುಸು ಅರಾಮಾದ ಮ್ಯಾಲ ಕೇಳಿದ್ನಿ, ಯವ್ವಾ, ಇಷ್ಟ ಸಣ್ಣ ಜೀವದಾಗ ಇಷ್ಟ ಕಸುವು ಎಲ್ಲಿಂದ ಬಂತು ಅಂತ. 'ನಂದಲ್ಲವಾ ಅದು. ದಿನಾ ಕೇಳಿ ತರತೇನಿ' ಅಂದ್ಳು. ನಾ ಏನ ಕೇಳ್ರಿ, ಮಕ್ಕಳ ಹೋಗಿದ್ವು, ಎದ್ದ ಕುಂದ್ರಾಕ ನನ್ನಲ್ಲಿ ಏನೂ ಉಳದಿರಲಿಲ್ಲ. ನನಗೂ ಕೇಳಾಕ ಕಲಸು ಅಂದ್ನಿ."

ಅದಾಗಿ ಎರಡು ವರ್ಷಕ್ಕೆ ಮರೆವ್ವ ದೀಕ್ಷಾಸ್ನಾನ ತೆಗೆದುಕೊಂಡಳು. ತವರಿನ ಬಾಗಿಲು ಮುಚ್ಚಿತು. ಗಂಡನ ಅಣ್ಣ ಅಣ್ಣಪ್ಪ, ಮನೆದೇವರಿಗೆ ಎಡೆ ಹಿಡಿಯದವಳು ಈ ಮನೆಯಲ್ಲಿ ಇರಬಾರದೆಂದ. ಹೊಳೆಪ್ಪ ಕ್ರೈಸ್ತನಾಗಲಿಲ್ಲ, ಹೆಂಡತಿಯನ್ನು ಬಿಡಲೂ ಇಲ್ಲ. ಚಕ್ಕಡಿಯಲ್ಲಿ ಬೀಸುಕಲ್ಲು ಹೇರಿಕೊಂಡು ಫಾಲ್ಸಿಗೆ ಬಂದು, ರೈಲ್ವೆ ನಿಲ್ದಾಣದಿಂದ ಮಿಲ್ಲಿಗೆ ಅರಳೆ ಸಾಗಿಸುವ ಕೆಲಸ ಹಿಡಿದ. ಆ ಮಾತು ತೆಗೆದರೆ ಈಗಲೂ ಮಂಚದ ಮೇಲಿಂದ ಹೊಳೆಪ್ಪನ ಉತ್ತರ ಸಿದ್ಧವಾಗಿ ಬರುತ್ತದೆ.

"ರೊಟ್ಟಿ ಮಾಡತಿಯೊ ಇಲ್ಲೊ ಅಂತ ಕೇಳಿದ್ನಿ. ಮಾಡತೇನಿ ಅಂದ್ಳು. ಮತ್ತ ಯಾವ ದೇವರಿಗಿ ಕೈ ಮುಗದ್ರ ನನಗೇನ್ರಿ? ಆಕಿ ದೇವರು ಆಕಿಗಿ."

ಮಂಚದ ಮೇಲಿಂದ ಎಂದೆನಲ್ಲ, ಅದನ್ನು ಬಿಡಿಸಿ ಹೇಳಬೇಕು. ಮೂರು ವರ್ಷದ ಹಿಂದೆ ಹೊಳೆಪ್ಪನಿಗೆ ಲಕ್ವಾ ಹೊಡೆಯಿತು. ಎತ್ತುಗಳಿಗೆ ನೀರು ಕುಡಿಸುತ್ತ ನಿಂತವನು ಹಾಗೇ ಕುಸಿದ. ಎಡಪಕ್ಕ ಪೂರ್ತಿ ಬಿತ್ತು. ಎತ್ತು, ಚಕ್ಕಡಿ ಔಷಧಕ್ಕೆ ಹೋದವು. ಆಳು ಎತ್ತರ, ಎಲುಬು ದಪ್ಪ. ಮಲಗಿದರೂ ಖೋಲಿಯ ಅರ್ಧ ಆತನೇ ಇದ್ದಾನೆ. ಮರೆವ್ವ ದಿನವೂ ಆತನನ್ನು ಎತ್ತಿ ಕೂಡಿಸುತ್ತಾಳೆ, ಮೈ ತೊಳೆಯುತ್ತಾಳೆ, ಬಿಸಿಲಿದ್ದರೆ ಬಾಗಿಲಿಗೆ ಒಯ್ದು ಗೋಡೆಗೆ ಒರಗಿಸುತ್ತಾಳೆ. ಆಕೆಯ ಬಲಭುಜ ನೋಯತೊಡಗಿದ್ದು ಎತ್ತಿದ್ದರಿಂದಲೋ ಬೀಸಿದ್ದರಿಂದಲೋ ಆಕೆಗೂ ಗೊತ್ತಿಲ್ಲ.

ಅಣ್ಣಪ್ಪ ಸುದ್ದಿ ಕಳಿಸಿದ್ದಾನೆ. ತಮ್ಮನನ್ನು ಬಿಡುವವನಲ್ಲ ಆತ. ಬೀಸುವ ಕೆಲಸ ನಿಂತ ದಿನ ಚಕ್ಕಡಿ ತಂದು ಹೊಳೆಪ್ಪನನ್ನು ಕುಲಗೋಡಕ್ಕೆ ಕರೆದೊಯ್ಯುತ್ತಾನೆ. ಅಲ್ಲಿ ಎಮ್ಮೆಗಳಿವೆ, ಹಾಲಿದೆ, ಎತ್ತಿ ಕೂಡಿಸಲು ನಾಲ್ಕು ಜನ ಗಂಡುಮಕ್ಕಳಿದ್ದಾರೆ. ಮರೆವ್ವನಿಗೆ ಮಾತ್ರ ಜಾಗವಿಲ್ಲ. ಹೀಗೆ, ಕಲ್ಲು ತಿರುಗುವಷ್ಟು ದಿನವೇ ಈ ಗಂಡಹೆಂಡತಿ ಒಂದು ಸೂರಿನ ಕೆಳಗೆ. ಇದನ್ನು ನನಗೆ ಹೇಳುವಾಗ ಆಕೆಯ ದನಿಯಲ್ಲಿ ಅಳುವಿಲ್ಲ.

ಎರಡನೆಯ ಮುಂಜಾನೆ ನಾನು ಸ್ವಲ್ಪ ಕೆಣಕಿದೆ. ನಾನು ಕೊರಳಲ್ಲಿ ಲಿಂಗ ಕಟ್ಟಿಕೊಂಡವನು. ದುಡಿಮೆಯೇ ಪೂಜೆ ಎಂದು ಕೇಳಿ ಬೆಳೆದವನು. ದಿನಾ ಬೆಳಗ್ಗೆ ದೇವರ ಬಾಗಿಲಿಗೆ ಹೋಗಿ ಕೈಯೊಡ್ಡುವುದು ನನಗೆ ಅಷ್ಟಾಗಿ ಹಿಡಿಸುವುದಿಲ್ಲ. "ಒಂದು ವರ್ಷದ ಬಲ ಒಮ್ಮೆಗೇ ಕೇಳಿಬಿಟ್ಟರೆ ಅವನಿಗೂ ಕಾಟ ತಪ್ಪುತ್ತದಲ್ಲ ಮರೆವ್ವಾ," ಎಂದೆ.

ಆಕೆ ಗೂಟ ಬಿಡದೆ ನಗುತ್ತಾಳೆ. "ನಿಮ್ಮ ಮನ್ಯಾಗ ತಾಯಿ ಅದಾಳೇನ್ರಿ?"

"ಇದ್ದಾಳೆ."

"ಆಕಿ ಒಂದ ವರ್ಷದ ರೊಟ್ಟಿ ಬಡದ ಬುಟ್ಯಾಗ ಇಟ್ಟು ತವರಮನಿಗಿ ಹೋದ್ಳಂತ ತಿಳೀರಿ. ನಿಮಗ ಚಲೋ ಅನಸ್ತೈತೇನು? ಹೊಟ್ಟಿ ತುಂಬತೈತಿ, ಖರೆ. ಆದ್ರ ಮನ್ಯಾಗ ತಾಯಿ ಇಲ್ಲ. ದಿನಾ ಕೇಳೂದಂದ್ರ ದಿನಾ ಮಾತಾಡೂದ್ರಿ. ಒಮ್ಮೆ ಎಲ್ಲಾ ಕೊಟ್ಟಬಿಟ್ರ ನಾ ಅವನ ಕಡೆ ಹಾಯೂದ ಇಲ್ಲ. ನನ್ನ ಗುಣಾ ನನಗ ಗೊತ್ತೈತಿ."

"ಕೇಳಿದ್ದನ್ನೆಲ್ಲ ಕೊಟ್ಟಿದ್ದಾನೆಯೇ?"

ಈ ಸಲ ಕಲ್ಲು ನಿಲ್ಲುತ್ತದೆ. ಆಕೆ ಮಂಚದ ಕಡೆ ನೋಡುತ್ತಾಳೆ. ಹೊಳೆಪ್ಪನಿಗೆ ನಿದ್ದೆ.

"ಇವರ ಕೈಕಾಲು ತಿರಗಿ ಕೊಡು ಅಂತ ಕೇಳೇನಿ. ಕೊಟ್ಟಿಲ್ಲ. ಯಾಕಂದ್ರ ನನಗ ಗೊತ್ತಿಲ್ರಿ, ಗೊತ್ತೈತಿ ಅಂತ ಸುಳ್ಳ ಹೇಳೂದಿಲ್ಲ. ಆದ್ರ ಇವರನ್ನ ಎತ್ತಿ ಕೂಡಸಾಕ ಎಷ್ಟ ಬೇಕೊ ಅಷ್ಟು ದಿನಾ ಬಂದೈತಿ. ಒಂದ ದಿನಾನೂ ತಪ್ಪಿಲ್ಲ. ಹೆಚ್ಚಿಗಿನೂ ಬಂದಿಲ್ಲ."

ಮತ್ತೆ ಕಲ್ಲು ತಿರುಗುತ್ತದೆ. ಉಸಿರು ಹದಕ್ಕೆ ಬಂದ ಮೇಲೆ ಆಕೆ ಹಾಡುತ್ತಾಳೆ. ಬೀಸುವ ಹೆಂಗಸರು ಎಲ್ಲ ಊರಲ್ಲೂ ಹಾಡುತ್ತಾರೆ. ಹಾಡಿಲ್ಲದೆ ಕಲ್ಲು ಭಾರ. ತವರಿನಲ್ಲಿ ಕಲಿತ ಹಾಡುಗಳ ದೇವರುಗಳನ್ನು ಬಿಟ್ಟ ಮೇಲೆ ಕೆಲವು ದಿನ ಆಕೆಗೆ ಹಾಡಲು ಏನೂ ಇರಲಿಲ್ಲವಂತೆ. ಆಮೇಲೆ ಹಳೆಯ ಧಾಟಿಗೆ ತನ್ನದೇ ಮಾತು ಕಟ್ಟಿಕೊಂಡಳು.

"ಕಲ್ಲೀಗಿ ಕಾಳ್ಹಾಕಿ ಗೂಟಕ್ಕ ಕೈ ಹಚ್ಚಿ
ನಿಲ್ಲದಂಗ ನಡಸೊ ಕರ್ತಾನ, ಈ ಹೊತ್ತ
ಎಲ್ಲಾ ನಾಳೀನೂ ನಿನಗಿರಲಿ"

ಇಷ್ಟು ಗಟ್ಟಿಯಾಗಿ ಹಾಡುವ ಮರೆವ್ವ ಒಮ್ಮೆ ಅಳುಕಿದ್ದಾಳೆ ಎಂದು ನನಗೆ ಗೊತ್ತಾದದ್ದು ಕಾಶೆವ್ವನಿಂದ. ಹೋದ ಬೇಸಿಗೆಯ ಕಡೆಗೆ ಖಾನಾವಳಿಯ ರೊಟ್ಟಿ ಸೀಳತೊಡಗಿದವು. ಕಾಶೆವ್ವ ಮೊದಲು ನೀರು ಸರಿ ಕುದಿದಿಲ್ಲವೆಂದು ಒಲೆಗೆ ಇನ್ನಷ್ಟು ಕಟ್ಟಿಗೆ ಒಟ್ಟಿದಳು. ಆಮೇಲೆ ತನ್ನ ಕೈಗೇ ವಯಸ್ಸಾಯಿತೆಂದು ತಿಳಿದಳು. ಮೂಡಲಗಿ ಸಂತೆಯಿಂದ ತಂದ ಜೋಳಕ್ಕೇ ಹುಳ ಬಿದ್ದಿದೆಯೆಂದು ವ್ಯಾಪಾರಿಯ ಜೊತೆ ಜಗಳವನ್ನೂ ಆಡಿ ಬಂದಳು. ಕಡೆಗೆ ಒಂದು ಚಿಟಿಕೆ ಹಸಿ ಹಿಟ್ಟು ಬಾಯಿಗೆ ಹಾಕಿಕೊಂಡರೆ ಕಹಿ. ಹಿಟ್ಟು ಎಷ್ಟೋ ದಿನ ಹಳೆಯದು.

"ಅವತ್ತ ಹದಿನೈದು ಗಂಡಸರು ಹರಕು ರೊಟ್ಟಿ ಕಟಗೊಂಡ ದಗದಕ್ಕ ಹೋದ್ರು," ಎಂದು ಕಾಶೆವ್ವ ನೆನೆಯುತ್ತಾಳೆ. "ನನಗ ಸಿಟ್ಟ ಬಂತ್ರಿ. ಹೋಗಿ ಅಂದ್ನಿ, ಇನ್ನೊಮ್ಮೆ ಹಳೀ ಹಿಟ್ಟ ಕಳಸಿದಿ, ಇಲ್ಲಾ ಹೊತ್ತಿಗಿ ಸರಿಯಾಗಿ ಕಳಸಲಿಲ್ಲ ಅಂದ್ರ ನಾ ಗೋಕಾಕದ ಎಂಜಿನ್ ಗಿರಣಿಗಿ ಹಚ್ಚತೇನಿ ಅಂತ. ಆ ಗಿರಣಿ ಹಿಟ್ಟ ಹೊಗಿ ನಾರತೈತಿ, ಆದ್ರೂ ಅಂದ್ನಿ. ನನಗೂ ಹದಿನೈದ ಮಂದಿಗಿ ಜವಾಬ ಕೊಡೂದೈತಲ್ರಿ."

ಮರೆವ್ವ ಅದನ್ನು ಮುಚ್ಚಿಡುವುದಿಲ್ಲ. ಭುಜ ಹೆಚ್ಚು ನೋಯತೊಡಗಿದಾಗ, ನೋವು ಕಡಿಮೆಯಿದ್ದ ಒಂದು ವಾರ ಹಗಲೆಲ್ಲ ಕೂತು ಬೀಸಿ, ಮಂಚದ ಕೆಳಗಿನ ಗಡಿಗೆಗಳಲ್ಲಿ ಹಿಟ್ಟು ತುಂಬಿಟ್ಟಳು. ಪೂರ್ತಿ ಬೀಸಲಾಗದ ದಿನಕ್ಕೆ ಇರಲೆಂದು. ಅಂಥ ದಿನ ಬಂದಾಗ ಅದನ್ನೇ ಹೊಸದರ ಜೊತೆ ಬೆರೆಸಿ ಕಳಿಸಿದಳು. ಹುಟ್ಟಿದಾಗಿನಿಂದ ಜೋಳದ ಜೊತೆ ಬದುಕಿದ ಹೆಂಗಸಿಗೆ ಇದು ಗೊತ್ತಿರಲಿಲ್ಲವೇ?

"ಗೊತ್ತಿತ್ತರಿ. ಹೆದರಿಕಿ ಬಂದ್ರ ಗೊತ್ತಿದ್ದದ್ದೂ ಮರತ ಹೋಗತೈತಿ," ಎನ್ನುತ್ತಾಳೆ. "ಕಾಶೆವ್ವ ಬೈದದ್ದು ನನಗ ಹತ್ತಲಿಲ್ಲ. ಹತ್ತಿದ್ದು ಯಾವದಂದ್ರ, ಮಂಚದ ಬುಡಕ ಗಡಿಗಿ ತುಂಬ ಹಿಟ್ಟ ಬಚ್ಚಿಟಗೊಂಡು ದಿನಾ ಮುಂಜಾನೆ ಅವನ ಮುಂದ ಕುಂತು 'ಇವತ್ತಿಂದು ಕೊಡು' ಅಂತಿದ್ನೆಲ್ರಿ, ಅದು. ಅಂವ ಗಡಿಗಿ ನೋಡಿ ಏನ ಅಂದಕೊಂಡಾನು? ನನಗ ನಾಚಿಕಿ ಬಂತು. ಎಲ್ಲಾ ಒಯ್ದು ದನಕ್ಕ ಹಾಕಿ ಬಂದ್ನಿ."

ಆ ದಿನದಿಂದ ಗಡಿಗೆಗಳು ಬರಿದು. ಹೊಸ ಹಿಟ್ಟು, ಹೊತ್ತಿಗೆ ಸರಿಯಾಗಿ. ಆದರೆ ಭುಜ ಮಾತ್ರ ಸುಧಾರಿಸಿಲ್ಲ. ಬೀಸುವಾಗ ಆಕೆ ಹಲ್ಲು ಕಚ್ಚುವುದನ್ನು ನಾನು ಎರಡು ಮುಂಜಾನೆಯೂ ನೋಡಿದ್ದೇನೆ. ಯಾರನ್ನಾದರೂ ಸಹಾಯಕ್ಕೆ ಕರೆಯಬಾರದೇ ಎಂದರೆ, "ಅವನ ಮ್ಯಾಲ ಭಾರಾ ಹಾಕೇನಿ ಅಂದಾಕಿ ಮಂದಿ ಮ್ಯಾಲ ಹಾಕಬಾರದ್ರಿ," ಎಂದು ಮಾತು ಮುಗಿಸುತ್ತಾಳೆ. ಅದು ನನಗೆ ಸರಿ ಅನ್ನಿಸುವುದಿಲ್ಲ. ಆದರೆ ಆಕೆಯ ದೇವರ ವಿಷಯದಲ್ಲಿ ನಾನು ಬಾಯಿ ಹಾಕುವುದೂ ಸರಿಯಲ್ಲವೆಂದು ಸುಮ್ಮನಾಗಿದ್ದೇನೆ.

ಮೂರನೆಯ ಮುಂಜಾನೆ ಬಿಡುವ ಮೊದಲು ಹೇಳಿ ಹೋಗೋಣವೆಂದು ಹೋಗುತ್ತೇನೆ. ದೂರದಿಂದಲೇ ಕಲ್ಲಿನ ಸದ್ದು ಬೇರೆಯಾಗಿ ಕೇಳುತ್ತದೆ. ತಿರುಗಿ ನಿಲ್ಲುತ್ತದೆ, ಮತ್ತೆ ತಿರುಗುತ್ತದೆ. ಒಳಗೆ ಮರೆವ್ವನ ಬಲಗೈ ತೊಡೆಯ ಮೇಲೆ ಬಿದ್ದಿದೆ. ಹಿಡಿ ಕಾಳು ಹಿಡಿಯಲು ಆಗುತ್ತದೆ, ಭುಜ ಎತ್ತಲು ಆಗುವುದಿಲ್ಲ. ಎಡಗೈಯಿಂದ ಗೂಟ ಎಳೆಯುತ್ತಿದ್ದಾಳೆ. ಮುಖ ಬೆವರಿನಿಂದ ತೊಯ್ದಿದೆ. ಬುಟ್ಟಿಯಲ್ಲಿ ಅರ್ಧಕ್ಕಿಂತ ಹೆಚ್ಚು ಜೋಳ ಹಾಗೇ ಇದೆ.

"ಇವತ್ತ ಕೇಳಿದ್ನಿ," ಎನ್ನುತ್ತಾಳೆ, ನನ್ನ ಕಡೆ ನೋಡದೆ. "ಇನ್ನೂ ಬಂದಿಲ್ಲ."

ನಾನು ಅಂಗಿಯ ತೋಳು ಮಡಚಿ ಎದುರು ಕೂಡಲು ಹೋಗುತ್ತೇನೆ. ಆಕೆ ಎಡಗೈ ಅಡ್ಡ ಹಿಡಿಯುತ್ತಾಳೆ. "ಬ್ಯಾಡ್ರಿ. ನೀವು ಇವತ್ತ ಹುಕ್ಕೇರಿಗಿ ಹೋಗಾವರು. ನಾಳೆ ಯಾರ ಬರತಾರ?"

ನಾನು ಮಡಚಿದ ತೋಳನ್ನು ಇಳಿಸಿಕೊಳ್ಳುತ್ತೇನೆ. ಹೊರಗೆ ಮೊದಲ ಭೋಂಗಾ ಕೂಗುತ್ತದೆ. ಮರೆವ್ವ ಕಣ್ಣು ಮುಚ್ಚುತ್ತಾಳೆ. ಪ್ರಾರ್ಥನೆಯೋ ನೋವೋ ತಿಳಿಯುವುದಿಲ್ಲ. ಚಾಳಿನಲ್ಲಿ ಬಾಗಿಲುಗಳು ತೆರೆಯುತ್ತಿವೆ. ಇನ್ನು ಕಾಶೆವ್ವ ಬರುತ್ತಾಳೆ.

"ನನ್ನ ಆಚೆ ಕಡೆ ಕೂಡಸ," ಎಂದು ಮಂಚದಿಂದ ಹೊಳೆಪ್ಪ ಹೇಳುತ್ತಾನೆ.

ನಮಗಿಬ್ಬರಿಗೂ ತಿಳಿಯುವುದಿಲ್ಲ. ಆತ ಬಲಗೈಯಿಂದ ಕಲ್ಲಿನ ಆಚೆ ಬದಿಯನ್ನು ತೋರಿಸುತ್ತಾನೆ. ನಮ್ಮ ಸೀಮೆಯಲ್ಲಿ ಗಂಡಸು ಬೀಸುಕಲ್ಲಿನ ಗೂಟ ಹಿಡಿಯುವುದಿಲ್ಲ. ಉಪವಾಸ ಬಿದ್ದರೂ ಹಿಡಿಯುವುದಿಲ್ಲ. ಹಿಡಿದವನನ್ನು ಊರು ಬಹಳ ದಿನ ಮರೆಯುವುದಿಲ್ಲ.

"ಸುಮ್ಮನಿರು," ಎನ್ನುತ್ತಾಳೆ ಮರೆವ್ವ. "ಚಾಳ ತುಂಬ ಮಂದಿ ಎದ್ದಾರ. ನೋಡಿ ನಗತಾರ."

"ನಗಲಿ. ಮೂರ ವರ್ಷ ಹಿಂಗ ಮಲಗಿದ್ದಕ್ಕ ಯಾರೂ ನಕ್ಕಿಲ್ಲ. ಬೀಸಿದ್ರ ನಗತಾರೇನು?"

ಮರೆವ್ವ ಗಂಡನ ಮುಖ ನೋಡುತ್ತಾಳೆ. ಆಮೇಲೆ ನನ್ನ ಕಡೆ ತಿರುಗಿ, "ಒಂದೀಟ ಹಿಡೀರಿ," ಎನ್ನುತ್ತಾಳೆ. ಮೂರು ದಿನದಲ್ಲಿ ಆಕೆ ನನ್ನಿಂದ ಕೇಳಿದ ಸಹಾಯ ಇದೊಂದೇ.

ಆತನನ್ನು ಇಳಿಸುವಷ್ಟರಲ್ಲಿ ನನ್ನ ಸೊಂಟ ಹಿಡಿಯುತ್ತದೆ. ಇದನ್ನು ಈ ಹೆಂಗಸು ದಿನಾ ಒಬ್ಬಳೇ ಮಾಡುತ್ತಾಳೆಂದರೆ ನನಗೆ ನಂಬಲಾಗುವುದಿಲ್ಲ. ಗೋಡೆಗೆ ಒರಗಿಸಿ, ಎಡಪಕ್ಕಕ್ಕೆ ಬೀಳದಂತೆ ಜೋಳದ ಚೀಲ ಒತ್ತಿಡುತ್ತೇವೆ. ಹೊಳೆಪ್ಪ ಬಲಗೈ ಚಾಚಿ ಗೂಟ ಹಿಡಿಯುತ್ತಾನೆ. ಅದರ ಕೆಳಗೆ ಮರೆವ್ವನ ಎಡಗೈ. ಕಾಳು ಹಾಕಲು ಆಕೆಯ ನೋಯುವ ಕೈ.

ಮೊದಲ ಸುತ್ತಿಗೆ ಮೇಲಿನ ಕಲ್ಲು ಜಿಗಿದು ಕಾಳು ಚೆಲ್ಲುತ್ತದೆ. ಆತ ಹಗ್ಗ ಜಗ್ಗಿದಂತೆ ಜಗ್ಗಿದ್ದಾನೆ.

"ಎತ್ತ ಅಲ್ಲಪಾ ಇದು," ಎನ್ನುತ್ತಾಳೆ ಮರೆವ್ವ. "ಜಗ್ಗಬ್ಯಾಡ. ನನ್ನ ಕಡೆ ಕಳಸು, ನಾ ನಿನ್ನ ಕಡೆ ಕಳಸ್ತೇನಿ."

ಒಂದಷ್ಟು ಸುತ್ತು ತಪ್ಪುತ್ತಾನೆ. ಹೆಂಡತಿ ಬೈಯುತ್ತಾಳೆ. ಆಮೇಲೆ ಕಲ್ಲು ದಾರಿಗೆ ಬರುತ್ತದೆ. ಚಕ್ಕಡಿ ಹೂಡಿದ ತೋಳು ಅದು. ಮೂರು ವರ್ಷ ಸುಮ್ಮನೆ ಬಿದ್ದಿದ್ದರೂ ಕಸುವು ಹೋಗಿಲ್ಲ. ಹಿಟ್ಟು ಕಲ್ಲಿನ ಸುತ್ತ ಬೀಳತೊಡಗುತ್ತದೆ. ಮರೆವ್ವ ಮೆಲ್ಲಗೆ ಹಾಡು ಎತ್ತುತ್ತಾಳೆ. ಹೊಳೆಪ್ಪನಿಗೆ ಹಾಡಿನ ಮಾತು ಬರುವುದಿಲ್ಲ. ಇಷ್ಟು ವರ್ಷ ಆತ ಅದನ್ನು ಕಿವಿಗೇ ಹಾಕಿಕೊಂಡಿಲ್ಲ. ಸಾಲು ಮುಗಿದಾಗ ಹೂಂ ಎಂದು ಉಸಿರು ಕೂಡಿಸುತ್ತಾನೆ.

ಬಾಗಿಲಲ್ಲಿ ಕಾಶೆವ್ವ ಬಂದು ನಿಂತಿದ್ದಾಳೆ. ಹಿಂದೆ ಖಾನಾವಳಿಯ ಮೂರು ನಾಲ್ಕು ಗಂಡಸರು. ಒಬ್ಬ ಇಣುಕಿ ನೋಡಿ, "ಏನ ಹೊಳೆಪ್ಪಾ, ಸೀರಿನೂ ಉಡಸ್ಯಾಳೇನ," ಎಂದು ಕಿಸಕ್ಕೆನ್ನುತ್ತಾನೆ. ಹೊಳೆಪ್ಪನ ಕೈ ನಿಲ್ಲುತ್ತದೆ.

ಕಾಶೆವ್ವ ತಿರುಗಿ ನೋಡುತ್ತಾಳೆ. "ನಿನಗ ಇವತ್ತ ರೊಟ್ಟಿ ಬೇಕೊ, ನಗಿ ಬೇಕೊ? ಎರಡೂ ಸಿಗೂದಿಲ್ಲ."

ಆತ ಹಿಂದೆ ಸರಿಯುತ್ತಾನೆ. ಕಾಶೆವ್ವ ಒಳಗೆ ಬಂದು, ಬಗ್ಗಿ, ಒಂದು ಚಿಟಿಕೆ ಹಿಟ್ಟು ಬೆರಳಲ್ಲಿ ತಿಕ್ಕಿ ನೋಡುತ್ತಾಳೆ. ಬಾಯಿಗೆ ಹಾಕಿಕೊಳ್ಳುತ್ತಾಳೆ. ಮರೆವ್ವ ಉಸಿರು ಹಿಡಿದು ಕೂತಿದ್ದಾಳೆ. ನಾನೂ ಅಷ್ಟೇ.

"ತುಸು ದಪ್ಪ ಆಗೈತಿ," ಎನ್ನುತ್ತಾಳೆ ಕಾಶೆವ್ವ. "ಇವತ್ತ ನಡೀತೈತಿ. ನಾಳೆ ಸಣ್ಣಗ ಆಗಲಿ." ಬೀಸಿದಷ್ಟು ಹಿಟ್ಟನ್ನು ಬುಟ್ಟಿಗೆ ತುಂಬಿಕೊಂಡು, ಉಳಿದದ್ದಕ್ಕೆ ಮತ್ತೆ ಬರುತ್ತೇನೆಂದು ಹೋಗುತ್ತಾಳೆ.

ಎರಡನೆಯ ಭೋಂಗಾಕ್ಕೆ ರೊಟ್ಟಿಗಳು ಗಂಟು ಸೇರುತ್ತವೆ. ಕೆಲವರು ಓಡುತ್ತ ಹೋಗಬೇಕಾಗುತ್ತದೆ, ಅಷ್ಟೇ. ಹೊತ್ತು ಚೆನ್ನಾಗಿ ಏರಿದ ಮೇಲೆ ಕಾಶೆವ್ವ ಇವರ ಪಾಲಿನ ಬಿಸಿ ರೊಟ್ಟಿ, ಪುಂಡಿಪಲ್ಯ ಕಳಿಸುತ್ತಾಳೆ. ಹೊಳೆಪ್ಪ ಗೋಡೆಗೆ ಒರಗಿದಲ್ಲೇ ಕೂತು ಉಣ್ಣುತ್ತಾನೆ. ಮಂಚಕ್ಕೆ ಏರಿಸುತ್ತೇವೆಂದರೆ ಬೇಡವೆನ್ನುತ್ತಾನೆ. ತೋಳು ನಡುಗುತ್ತಿದೆ, ತುತ್ತು ಬಾಯಿಗೆ ಮುಟ್ಟುವಷ್ಟರಲ್ಲಿ ಪಲ್ಯ ಅಂಗಿಯ ಮೇಲೆ ಬೀಳುತ್ತಿದೆ. ಆದರೆ ಮುಖ ನೋಡಬೇಕು. ಈ ಮೂರು ದಿನದಲ್ಲಿ ನಾನು ಕಂಡ ಹೊಳೆಪ್ಪ ಅಲ್ಲ ಇವನು.

"ಎಷ್ಟ ದಿನಾ ಆಗಿತ್ರಿ, ದುಡದ ಉಂಡು," ಎಂದು ನನಗೆ ಹೇಳುತ್ತಾನೆ. ಕೈ ತೊಳೆದು, ಆ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಾನೆ.

ನಾನು ಟೊಪ್ಪಿಗೆ ಇಟ್ಟುಕೊಂಡು ಏಳುತ್ತೇನೆ. ಮರೆವ್ವ ಕಲ್ಲಿನ ಸುತ್ತ ಉಳಿದ ಹಿಟ್ಟನ್ನು ಒಂದು ಬಟ್ಟೆಯಿಂದ ಒರೆಸಿ ಬಳಿಯುತ್ತಿದ್ದಾಳೆ.

"ಏ, ಇಲ್ಲಿ ಕೇಳ," ಎಂದು ಹೊಳೆಪ್ಪ ಕರೆಯುತ್ತಾನೆ. ದನಿ ಸಣ್ಣದಾಗಿದೆ. "ನಾಳೆ ಅವನ ಕಡೆ ಕೇಳತಿಯಲ್ಲಾ. ನನ್ನ ಕೈಗೂ ಒಂದೀಟ ಕೇಳ."

ಮರೆವ್ವ ತಲೆ ಎತ್ತುವುದಿಲ್ಲ. ಬಟ್ಟೆ ಕಲ್ಲಿನ ಮೇಲೆ ಒಂದು ಗಳಿಗೆ ನಿಂತು ಮತ್ತೆ ಆಡುತ್ತದೆ.

"ನೀನ ಕೇಳ," ಎನ್ನುತ್ತಾಳೆ. "ಮುಂಜಾನೆ ಎಬ್ಬಸ್ತೇನಿ."